ಸಭೆ ಒಡೆದರೆ ದೇವಾಲಯ ಯಾರಿಗೆ?

ಪ್ರಶ್ನೆ: ನಮ್ಮದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ, ಅಂದರೆ ಚರ್ಚ್. ಕಮಿಟಿ ಚುನಾವಣೆ ಬಂತೆಂದರೆ ಬಿಷಪ್ ಪರ ಒಂದು ಬಣ, ವಿರುದ್ಧ ಇನ್ನೊಂದು. ಈ ಸಲ ಸಭಾಪಾಲಕರನ್ನು (ಪಾಸ್ಟರ್) ಅವಧಿಗೆ ಮೊದಲೇ ವರ್ಗಾಯಿಸಿದ್ದಾರೆ. ‘ದೇವಾಲಯ ನಮ್ಮ ಹಿರಿಯರು ಕಟ್ಟಿದ್ದು, ಡಯಾಸಿಸ್ (ಬಿಷಪ್ ಆಡಳಿತದ ಪ್ರಾಂತ) ಬಿಟ್ಟು ಸ್ವತಂತ್ರರಾಗೋಣ’ ಎಂದು ಹಲವರು ಹೇಳುತ್ತಿದ್ದಾರೆ. ಇದು ಸಾಧ್ಯವೇ?
– ಓದುಗರು, ಮೈಸೂರು

ಉತ್ತರ: ಹೊರಹೋಗುವವರನ್ನು ಯಾರೂ ತಡೆಯಲಾರರು. ಆದರೆ ದೇವಾಲಯ ಅವರ ಹಿಂದೆ ಬರುವುದಿಲ್ಲ. ಸಿಎಸ್‌ಐ ಸಭೆಗಳ ಸ್ಥಿರಾಸ್ತಿ ಸಾಮಾನ್ಯವಾಗಿ ಸಿಎಸ್‌ಐ ಟ್ರಸ್ಟ್ ಅಸೋಸಿಯೇಷನ್ ಹೆಸರಿನಲ್ಲಿರುತ್ತದೆ. ಅದು 1947ರಲ್ಲಿ ನೋಂದಣಿಯಾದ ಕಂಪನಿ. ಹಿರಿಯರ ಬೆವರಿಗೆ ಬೆಲೆ ಇದೆ, ಆದರೆ ನ್ಯಾಯಾಲಯ ಕೇಳುವುದು ದಾಖಲೆಯನ್ನು. ಯಾವ ಮಾತಿಗೂ ಮೊದಲು ಜಾಗದ ಪತ್ರವನ್ನೂ ಖಾತೆಯನ್ನೂ ತೆಗೆಸಿ ನೋಡಿ.

ನಿಮ್ಮ ಊರಿನ ಕಮಿಟಿಗೆ ಇಷ್ಟು ಬಿಸಿ ಏಕೆ ಎಂಬುದು ನನ್ನ ದೃಷ್ಟಿಯಲ್ಲಿ ಹೆಚ್ಚು ಮುಖ್ಯ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮತ್ತು ದಕ್ಷಿಣ ಭಾರತ ಐಕ್ಯ ಸಭೆಯವರು ಸೇರಿ ಸಿಎಸ್‌ಐ ಆದಾಗ ಬಿಷಪ್‌ಗಿರಿಯೂ ಚುನಾಯಿತ ಕಮಿಟಿಗಳೂ ಒಂದೇ ಸೂರಿನಡಿ ಬಂದವು. ಇಂದು ಬಿಷಪ್ ಸ್ಥಾನ ಖಾಲಿಯಾದಾಗ ಡಯಾಸಿಸ್ ಕೌನ್ಸಿಲ್ ಮತ ಹಾಕಿ ಕೆಲವು ಹೆಸರುಗಳ ಪಟ್ಟಿ ಮಾಡುತ್ತದೆ. ಅದರಿಂದ ಒಬ್ಬರನ್ನು ಆರಿಸುವುದು ಸಿನಡ್, ಅಂದರೆ ಇಡೀ ಸಿಎಸ್‌ಐನ ಅತ್ಯುನ್ನತ ಆಡಳಿತ ಮಂಡಳಿ. ಆ ಕೌನ್ಸಿಲಿಗೆ ಪ್ರತಿನಿಧಿಗಳು ಹೋಗುವುದು ನಿಮ್ಮಂಥ ಸಭೆಗಳಿಂದ. ಹಾಗಾಗಿ ನಿಮ್ಮ ಸಭೆಯ ಮತಪೆಟ್ಟಿಗೆಯೇ ಬಿಷಪ್ ಚುನಾವಣೆಯ ಮೊದಲ ಮೆಟ್ಟಿಲು. ಮಿಷನರಿಗಳು ಬಿಟ್ಟುಹೋದ ಶಾಲೆ, ಆಸ್ಪತ್ರೆ, ನಗರದ ನಡುವಿನ ಜಮೀನು, ಅಲ್ಲಿನ ನೇಮಕಾತಿ, ಬಾಡಿಗೆ ಕರಾರು ಎಲ್ಲವೂ ಮೇಲಿನವರ ಕೈಯಲ್ಲಿ. ಜಗಳ ಇರುವುದು ಅಲ್ಲಿ, ಬೈಬಲ್ ವಾಕ್ಯದ ಅರ್ಥದ ಬಗ್ಗೆ ಅಲ್ಲ. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ.

ಕೋರ್ಟಿಗೆ ಹೋದರೆ ಸರಿಹೋಗುತ್ತದೆ ಎಂದುಕೊಳ್ಳಬೇಡಿ. 2023ರ ಜನವರಿಯ ಸಿನಡ್‌ನಲ್ಲಿ ನಡೆದ ಮಾಡರೇಟರ್ (ಸಿಎಸ್‌ಐನ ಮುಖ್ಯಸ್ಥ ಬಿಷಪ್) ಆಯ್ಕೆ ಮತ್ತು ಬಿಷಪ್‌ಗಳ ನಿವೃತ್ತಿ ವಯಸ್ಸನ್ನು 67ರಿಂದ 70ಕ್ಕೆ ಏರಿಸುವ ತಿದ್ದುಪಡಿ ಮದ್ರಾಸ್ ಹೈಕೋರ್ಟ್ ಮೆಟ್ಟಿಲೇರಿದವು. 2024ರ ಏಪ್ರಿಲ್‌ನಲ್ಲಿ ಇಬ್ಬರು ನಿವೃತ್ತ ನ್ಯಾಯಮೂರ್ತಿಗಳು ಆಡಳಿತಾಧಿಕಾರಿಗಳಾಗಿ ನೇಮಕಗೊಂಡರು. ವ್ಯಾಜ್ಯ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ನ್ಯಾಯಾಧೀಶರು ಚುನಾವಣೆಯ ಕ್ರಮವನ್ನು ಸರಿಪಡಿಸಬಲ್ಲರು. ಒಂದೇ ಬೆಂಚಿನಲ್ಲಿ ಕುಳಿತು ಪರಸ್ಪರ ಮುಖ ನೋಡದವರನ್ನು ಮಾತನಾಡಿಸುವುದು ಅವರ ಕೆಲಸವಲ್ಲ.

ವರ್ಗಾವಣೆಯ ಬಗ್ಗೆ ಒಂದೇ ಬಣದ ಮನವಿ ಹೋದರೆ ಅದು ಬಣದ ಕಾಗದವಾಗಿಯೇ ಉಳಿಯುತ್ತದೆ. ಎರಡೂ ಕಡೆಯ ಹಿರಿಯರ ಸಹಿ ಇರುವ ಪತ್ರವನ್ನು ಬಿಷಪ್‌ಗೆ ಕೊಡಿ, ಸ್ವೀಕೃತಿ ಪಡೆಯಿರಿ. ವಾರ್ಷಿಕ ಸಾಮಾನ್ಯ ಸಭೆಯಲ್ಲಿ ಲೆಕ್ಕಪರಿಶೋಧನೆಯಾದ ಲೆಕ್ಕಪತ್ರ ಕೇಳಿ. ಮತದಾರರ ಪಟ್ಟಿ ಅಂಟಿಸಿದ ದಿನವೇ ಹೋಗಿ ಓದಿ: ತೀರಿಕೊಂಡವರ ಹೆಸರು ಉಳಿದಿದೆಯೇ, ಪ್ರತಿ ಭಾನುವಾರ ಬರುವವರ ಹೆಸರು ಬಿಟ್ಟುಹೋಗಿದೆಯೇ? ತಪ್ಪಿದ್ದರೆ ಗಡುವಿನೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಿ. ಮುಖ್ಯವಾಗಿ, ಸಿಟ್ಟಿನಲ್ಲಿ ವಂತಿಗೆ ಕೊಡುವುದನ್ನು ನಿಲ್ಲಿಸಬೇಡಿ. ಬಾಕಿ ಇಟ್ಟವರು ಮತದ ಹಕ್ಕು ಕಳೆದುಕೊಳ್ಳಬಹುದು. ಪ್ರಶ್ನಿಸುವವರೇ ಪಟ್ಟಿಯಿಂದ ಹೊರಬಿದ್ದರೆ ಮುಂದಿನ ಕಮಿಟಿಯನ್ನು ಎದುರು ಬಣವೇ ಆರಿಸುತ್ತದೆ.