ಒಮ್ಮೆ ಡೆಂಗಿ ಬಂದಿದೆ, ಐಜಿಜಿ ಪಾಸಿಟಿವ್ ಇದೆ. ಇನ್ನು ಭಯವಿಲ್ಲ ಅಲ್ವಾ?

ನಿಮ್ಮ ಪ್ರಶ್ನೆ ಓದಿದೆ. ಎರಡು ವರ್ಷದ ಹಿಂದೆ ಡೆಂಗಿ ಬಂದು ಹೋಗಿದೆ. ಮೊನ್ನೆ ಮಾಡಿಸಿದ ಟೆಸ್ಟ್‌ನಲ್ಲಿ ಐಜಿಜಿ (ರೋಗದ ವಿರುದ್ಧ ಮೈ ತಯಾರಿಸುವ ಒಂದು ಬಗೆಯ ಪ್ರತಿಕಾಯ) ಪಾಸಿಟಿವ್ ಬಂದಿದೆ. ‘ಮೈಯಲ್ಲಿ ಶಕ್ತಿ ಬಂದಿದೆ, ಇನ್ನು ಹೆದರಬೇಡ’ ಅಂತ ಚಳ್ಳಕೆರೆಯ ನೆಂಟರು ಹೇಳಿದ್ದಾರೆ. ಮಗಳಿಗೆ ಮೆದುಳು ಜ್ವರದ ಲಸಿಕೆ ಆಗಿದೆ, ಅದೂ ಸೊಳ್ಳೆಯಿಂದ ಬರುವುದೇ ಆದ್ದರಿಂದ ಡೆಂಗಿಗೂ ತಡೆಯಾಗುತ್ತದಾ, ಚಿಕೂನ್‌ಗುನ್ಯಾಕ್ಕೂ ಆಗುತ್ತದಾ ಅಂತ ಕೇಳಿದ್ದೀರಿ.

ಎಲ್ಲದಕ್ಕೂ ಉತ್ತರ ‘ಇಲ್ಲ, ಹಾಗೆ ಧೈರ್ಯವಾಗಿರುವ ಹಾಗಿಲ್ಲ’. ಆದರೆ ಮೊದಲನೆಯದಕ್ಕೆ ಬರೀ ‘ಇಲ್ಲ’ ಅಂದರೆ ಸಾಲದು. ನಾನು ದಾವಣಗೆರೆಯಲ್ಲಿ ಲ್ಯಾಬ್ ಕೆಲಸ ಮಾಡುವವನು. ಮಳೆಗಾಲ ಬಂತೆಂದರೆ ನಮ್ಮ ಟೇಬಲ್ ತುಂಬ ಡೆಂಗಿ ಕಿಟ್‌ಗಳೇ. ಐಜಿಜಿ ಗೆರೆ ನೋಡಿ ‘ಓ, ಹಳೇದು’ ಅಂತ ನೆಮ್ಮದಿಯಾಗಿ ಮನೆಗೆ ಹೊರಡುವವರನ್ನು ಕಂಡರೆ ಸಂಕಟವಾಗುತ್ತದೆ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಡೆಂಗಿ ಅನ್ನುವುದು ಒಂದೇ ವೈರಸ್ ಅಲ್ಲ. ನಾಲ್ಕು ಬಗೆ ಇವೆ, ನಾಲ್ಕೂ ಒಂದೇ ಮನೆತನದವು. ಒಂದನೇ ಬಗೆ ನಿಮಗೆ ಬಂದು ವಾಸಿಯಾದರೆ ಆ ಬಗೆಯ ಮಟ್ಟಿಗೆ ಜೀವಮಾನವಿಡೀ ರಕ್ಷಣೆ ಸಿಗುತ್ತದೆ. ಉಳಿದ ಮೂರರ ವಿರುದ್ಧವೂ ಸಿಗುತ್ತದೆ, ಆದರೆ ಸ್ವಲ್ಪ ಕಾಲ ಮಾತ್ರ. ಪೋಲಿಯೊ ಹನಿಗೆ ಹೆಸರಾದ ಆಲ್ಬರ್ಟ್ ಸೇಬಿನ್ ಎರಡನೇ ಮಹಾಯುದ್ಧದ ಕಾಲದಲ್ಲಿ ಸ್ವಯಂಸೇವಕರಿಗೆ ಒಂದು ಬಗೆಯ ಡೆಂಗಿ ತಗುಲಿಸಿ, ಆಮೇಲೆ ಇನ್ನೊಂದು ಬಗೆ ತಗುಲಿಸಿ ನೋಡಿದ್ದರು. ಎರಡು-ಮೂರು ತಿಂಗಳು ಒಳ್ಳೆಯ ತಡೆ ಇತ್ತು, ಆಮೇಲೆ ಅದು ಕರಗುತ್ತಾ ಹೋಯಿತು. ಊರೂರುಗಳ ರೋಗದ ಲೆಕ್ಕ ಇಟ್ಟುಕೊಂಡು ಈಚೆಗೆ ನೋಡಿದವರು ಒಂದರಿಂದ ಮೂರು ವರ್ಷದವರೆಗೂ ಒಂದಿಷ್ಟು ರಕ್ಷಣೆ ಇರಬಹುದು ಅನ್ನುತ್ತಾರೆ. ನಿಮಗೆ ಎರಡು ವರ್ಷ ಆಗಿದೆ. ಅಂದರೆ ಆ ರಕ್ಷಣೆಯನ್ನು ನೀವು ಈಗ ನಂಬಿಕೊಂಡು ಕೂರುವ ಹಾಗಿಲ್ಲ.

ಈಗ ತೊಂದರೆಯ ಭಾಗ. ರಕ್ಷಣೆ ಕರಗಿದ ಮೇಲೂ ಹಳೆಯ ಪ್ರತಿಕಾಯಗಳು ರಕ್ತದಲ್ಲಿ ಇದ್ದೇ ಇರುತ್ತವೆ. ಹೊಸ ಬಗೆಯ ಡೆಂಗಿ ಬಂದಾಗ ಅವು ಹೋಗಿ ಅಂಟಿಕೊಳ್ಳುತ್ತವೆ, ಆದರೆ ಅದನ್ನು ನಿಷ್ಕ್ರಿಯ ಮಾಡುವಷ್ಟು ಗಟ್ಟಿಯಾಗಿ ಅಲ್ಲ. ನಮ್ಮ ಕೆಲವು ಬಿಳಿ ರಕ್ತಕಣಗಳಿಗೆ ಪ್ರತಿಕಾಯ ಅಂಟಿದ ವಸ್ತು ಕಂಡರೆ ಒಳಗೆ ಎಳೆದುಕೊಳ್ಳುವುದೇ ಕೆಲಸ. ಡೆಂಗಿ ವೈರಸ್ ಬೆಳೆಯುವುದೂ ಆ ಕಣಗಳ ಒಳಗೇ! ಹೀಗೆ ಹಳೆಯ ಪ್ರತಿಕಾಯವೇ ಹೊಸ ವೈರಸ್ಸನ್ನು ಕೈಹಿಡಿದು ಒಳಗೆ ಕರೆದುಕೊಂಡು ಹೋದಂತಾಗುತ್ತದೆ. ವೈರಸ್ ಜಾಸ್ತಿಯಾಗುತ್ತದೆ, ರಕ್ತನಾಳಗಳಿಂದ ನೀರಿನಂಶ ಸೋರುತ್ತದೆ, ಬಿಪಿ ಕುಸಿಯುತ್ತದೆ. 1960ರ ದಶಕದಲ್ಲಿ ಬ್ಯಾಂಕಾಕ್‌ನಲ್ಲಿ ಮಕ್ಕಳ ಡೆಂಗಿ ನೋಡುತ್ತಿದ್ದ ಸ್ಕಾಟ್ ಹಾಲ್‌ಸ್ಟೆಡ್ ಇದನ್ನು ಗುರುತಿಸಿದರು. ತೀವ್ರವಾಗಿ ಮಲಗಿದ ಮಕ್ಕಳಲ್ಲಿ ಹೆಚ್ಚಿನವರಿಗೆ ಅದು ಎರಡನೇ ಡೆಂಗಿ. ಇನ್ನು ಕೆಲವು, ಒಂದು ವರ್ಷ ತುಂಬದ ಕೂಸುಗಳು. ಅವಕ್ಕೆ ಅದು ಮೊದಲನೇ ಡೆಂಗಿಯೇ, ಆದರೆ ತಾಯಿಯಿಂದ ಬಂದ ಪ್ರತಿಕಾಯ ಮೈಯಲ್ಲಿ ಕಡಿಮೆಯಾಗುತ್ತಾ ಬಂದಿತ್ತು.

ಕ್ಯೂಬಾದ ಕಥೆ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. 1977ರಲ್ಲಿ ಅಲ್ಲಿ ಒಂದನೇ ಬಗೆಯ ಡೆಂಗಿ ದ್ವೀಪವಿಡೀ ಹಬ್ಬಿತು, ಹೆಚ್ಚು ಅನಾಹುತ ಆಗಲಿಲ್ಲ. 1981ರಲ್ಲಿ ಎರಡನೇ ಬಗೆ ಬಂತು. ಸುಮಾರು 3.44 ಲಕ್ಷ ಜನ ಮಲಗಿದರು, 158 ಮಂದಿ ಸತ್ತರು, ಅವರಲ್ಲಿ 101 ಮಕ್ಕಳು. ನನ್ನನ್ನು ಇನ್ನೂ ತಟ್ಟಿದ್ದು ಆಮೇಲಿನದು. 1997ರಲ್ಲಿ ಸಾಂಟಿಯಾಗೊ ಊರಿಗೆ ಮತ್ತೆ ಎರಡನೇ ಬಗೆ ಬಂದಾಗ ತೀವ್ರವಾಗಿ ನರಳಿದವರು ಹೆಚ್ಚೂಕಡಿಮೆ ಎಲ್ಲರೂ ದೊಡ್ಡವರೇ. ಅಂದರೆ 1977ರಲ್ಲಿ ಒಂದನೇ ಬಗೆ ಕಂಡಿದ್ದವರು. ಆಮೇಲೆ ಹುಟ್ಟಿ ಡೆಂಗಿಯನ್ನೇ ಕಾಣದಿದ್ದ ಮಕ್ಕಳು ಪಾರಾದರು. ಇಪ್ಪತ್ತು ವರ್ಷ ಕಳೆದಿದ್ದರೂ ಹಳೆಯ ಡೆಂಗಿಯ ನೆರಳು ಹೋಗಿರಲಿಲ್ಲ.

ಇಷ್ಟು ಓದಿ ಗಾಬರಿಯಾಗಬೇಡಿ. ಎರಡನೇ ಡೆಂಗಿ ಬಂದವರಲ್ಲೂ ಬಹುಪಾಲು ಜನ ಮಾಮೂಲಿ ಜ್ವರದಂತೆ ವಾಸಿಯಾಗುತ್ತಾರೆ. ಅಪಾಯದ ಪ್ರಮಾಣ ಮೊದಲನೆಯದಕ್ಕಿಂತ ಜಾಸ್ತಿ, ಅಷ್ಟೆ. ಎರಡು ಬಗೆ ಕಂಡ ಮೇಲೆ ಮೂರನೆಯದು, ನಾಲ್ಕನೆಯದು ತೀವ್ರವಾಗುವುದು ಅಪರೂಪ.

ಐಜಿಜಿ ಗೆರೆಯ ವಿಷಯಕ್ಕೆ ಬರೋಣ. ಕಿಟ್‌ನ ಪಟ್ಟಿಯಲ್ಲಿ ಸಿ, ಎಂ, ಜಿ ಅಂತ ಮೂರು ಗುರುತು ಇರುತ್ತವೆ. ಸಿ ಬಂದರೆ ಕಿಟ್ ಸರಿ ಇದೆ ಎಂದರ್ಥ. ಎಂ ಅಂದರೆ ಮೊದಲು ಹುಟ್ಟುವ ಐಜಿಎಂ ಪ್ರತಿಕಾಯ, ಜಿ ಅಂದರೆ ಐಜಿಜಿ. ಮೊದಲ ಸಲ ಡೆಂಗಿ ಬಂದವರಲ್ಲಿ ಜ್ವರದ ಐದನೇ ದಿನದ ಹೊತ್ತಿಗೆ ಎಂ ಗೆರೆ ಮೂಡುತ್ತದೆ, ಜಿ ನಿಧಾನ. ಆದರೆ ಕೆಲವರ ರಕ್ತ ಹಾಕಿದರೆ ಜ್ವರ ಬಂದು ಇನ್ನೂ ಮೂರೇ ದಿನ, ಜಿ ಗೆರೆ ಕೆಂಪಗೆ ದಪ್ಪಗೆ ಎದ್ದು ನಿಲ್ಲುತ್ತದೆ. ಎಂ ಬೆಳಕಿಗೆ ಹಿಡಿದು ನೋಡಬೇಕು, ಅಷ್ಟು ತೆಳು. ಇದು ಎರಡನೇ ಡೆಂಗಿಯ ಚಹರೆ. ಜೊತೆಗೆ ಎನ್‌ಎಸ್‌1 (ಡೆಂಗಿ ವೈರಸ್ಸಿನದೇ ಒಂದು ಪ್ರೋಟೀನ್) ಪಾಸಿಟಿವ್ ಇದ್ದರಂತೂ ಅನುಮಾನವೇ ಬೇಡ. ಜ್ವರ ಇರುವಾಗ ಜಿ ಗೆರೆ ಕಂಡರೆ ‘ಹಳೇದು’ ಅಂತ ಪಕ್ಕಕ್ಕಿಡದೆ, ಇನ್ನೂ ಹುಷಾರಾಗಿ ನೋಡಿಕೊಳ್ಳಬೇಕು. ಜ್ವರವೇ ಇಲ್ಲದೆ ಮಾಡಿಸಿದ ಐಜಿಜಿಯಿಂದ ಯಾವ ಬಗೆ ಬಂದಿತ್ತು, ಯಾವುದಕ್ಕೆ ರಕ್ಷಣೆ ಇದೆ ಅನ್ನುವುದು ಗೊತ್ತಾಗುವುದಿಲ್ಲ. ಸುಮ್ನೆ ದುಡ್ಡು ಹಾಕಿ ಅದನ್ನು ಮಾಡಿಸಬೇಡಿ.

ಮಗಳ ವಿಷಯ. ಮೆದುಳು ಜ್ವರದ (ಜೆಇ) ಲಸಿಕೆಯನ್ನು ರೋಗ ಇರುವ ಜಿಲ್ಲೆಗಳಲ್ಲಿ ಒಂಬತ್ತು ತಿಂಗಳು ತುಂಬಿದಾಗ ಒಮ್ಮೆ, 16ರಿಂದ 24 ತಿಂಗಳ ನಡುವೆ ಒಮ್ಮೆ ಕೊಡುತ್ತಾರೆ. ಕೊಡಿಸಿದ್ದು ತುಂಬಾ ಒಳ್ಳೆಯದಾಯಿತು. ಆ ವೈರಸ್ ಹರಡುವುದು ಗದ್ದೆ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆಯಿಂದ. ಹರಿಹರ, ಮಲೇಬೆನ್ನೂರು ಕಡೆ ಭದ್ರಾ ನಾಲೆಯ ಭತ್ತದ ಸೀಮೆ ನೋಡಿದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಜೆಇ ವೈರಸ್ಸೂ ಡೆಂಗಿಯೂ ಫ್ಲೇವಿವೈರಸ್ ಅನ್ನುವ ಒಂದೇ ಕುಲದವು, ಆದರೆ ದೂರದ ಸಂಬಂಧ. ವೆಸ್ಟ್ ನೈಲ್ ವೈರಸ್ ಜೆಇಗೆ ತೀರಾ ಹತ್ತಿರ, ಅವೆರಡರ ನಡುವೆ ಒಂದಷ್ಟು ರಕ್ಷಣೆ ಹಂಚಿಕೆಯಾಗುತ್ತದೆ. ಡೆಂಗಿಯ ಮಟ್ಟಿಗೆ ಈ ಲಸಿಕೆಯನ್ನು ನೆಚ್ಚಿಕೊಳ್ಳಬೇಡಿ. ಇನ್ನೊಂದು ನೆನಪಿಡಿ. ಆ ಲಸಿಕೆಯ ಪ್ರತಿಕಾಯ ಡೆಂಗಿ ಐಜಿಜಿ ಕಿಟ್‌ಗೂ ಅಂಟಬಹುದು. ಡೆಂಗಿಯೇ ಬಾರದ ಮಗುವಿನ ರಿಪೋರ್ಟ್ ಪಾಸಿಟಿವ್ ಬಂದು ಮನೆಯವರು ಕಂಗಾಲಾಗುತ್ತಾರೆ.

ಹತ್ತಿರದ ಸಂಬಂಧ ಇದ್ದೂ ರಕ್ಷಣೆ ಸಿಗದ ಉದಾಹರಣೆ ನಮ್ಮ ಪಕ್ಕದ ಜಿಲ್ಲೆಯಲ್ಲೇ ಇದೆ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣ್ಣೆಯಿಂದ, ಆದರೆ ಅದೂ ಫ್ಲೇವಿವೈರಸ್ಸೇ. ರಷ್ಯಾದ ಒಂದು ಉಣ್ಣೆ ಜ್ವರದ ವೈರಸ್ ಅದಕ್ಕೆ ಹತ್ತಿರದ್ದು ಅಂತ ಮೊದಲಿಗೆ ಆ ಜ್ವರದ ಲಸಿಕೆಯನ್ನೇ ಇಲ್ಲಿ ಕೊಟ್ಟು ನೋಡಿದರು. ಅದು ಕೆಲಸಕ್ಕೆ ಬರಲಿಲ್ಲ.

ಚಿಕೂನ್‌ಗುನ್ಯಾ ಬೇರೆಯೇ ಕುಲ, ಆಲ್ಫಾವೈರಸ್. ಕಚ್ಚುವ ಸೊಳ್ಳೆ ಒಂದೇ, ಹಗಲು ಕಚ್ಚುವ ಈಡಿಸ್. ವೈರಸ್‌ಗಳ ನಡುವೆ ನಂಟಿಲ್ಲ. ಎರಡೂ ಒಟ್ಟಿಗೇ ಬಂದವರಿದ್ದಾರೆ. ಒಂದು ಸಮಾಧಾನ ಏನೆಂದರೆ ಚಿಕೂನ್‌ಗುನ್ಯಾದಲ್ಲಿ ಡೆಂಗಿಯ ಹಾಗೆ ನಾಲ್ಕು ಬಗೆಯ ಗೋಜಿಲ್ಲ, ಒಮ್ಮೆ ಬಂದರೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ. 2006ರಲ್ಲಿ ದೇಶದ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕರ್ನಾಟಕದಲ್ಲೇ ಇದ್ದವು. ಆಗ ಗೋಡೆ ಹಿಡಿದು ನಡೆದ ನಿಮ್ಮ ಮನೆಯ ಹಿರಿಯರಿಗೆ ಬಹುತೇಕ ಇನ್ನೂ ರಕ್ಷಣೆ ಇದೆ. ಆದರೆ ಡೆಂಗಿಯಿಂದಲ್ಲ.

ಈಗ ನೀವು ಮಾಡಬೇಕಾದ್ದು. ಜ್ವರ ಬಂದರೆ ‘ಎರಡು ವರ್ಷದ ಹಿಂದೆ ಡೆಂಗಿ ಬಂದಿತ್ತು’ ಅಂತ ಡಾಕ್ಟರಿಗೆ ಮೊದಲು ಹೇಳಿ. ಪ್ಯಾರಾಸಿಟಮಾಲ್ ಬಿಟ್ಟು ಡಿಕ್ಲೊಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ತಾವಾಗಿ ನುಂಗಬೇಡಿ. ಜ್ವರ ಇಳಿದ ದಿನವೇ ಹೆಚ್ಚು ಎಚ್ಚರ ಬೇಕು. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಲ್ಲಿ ರಕ್ತ, ವಿಪರೀತ ಸುಸ್ತು ಇದ್ದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ. ನಮ್ಮ ಜನ ಪ್ಲೇಟ್‌ಲೆಟ್ ಒಂದನ್ನೇ ಕೇಳುತ್ತಾರೆ. ಹಿಮಟೊಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಎಷ್ಟಿದೆ ಅಂತಲೂ ಕೇಳಿ. ರಕ್ತನಾಳ ಸೋರುತ್ತಿರುವುದು ಅದು ಏರುವುದರಲ್ಲಿ ಕಾಣುತ್ತದೆ.

ನಿಮ್ಮ ಕಡೆಯೂ ದಿನಾ ನೀರು ಬರಲ್ಲ, ಡ್ರಮ್ಮು, ಸಿಮೆಂಟ್ ತೊಟ್ಟಿ ತುಂಬಿಸಿಡುವುದು ಅನಿವಾರ್ಯ ಅಂತ ಬಲ್ಲೆ. ವಾರಕ್ಕೊಮ್ಮೆ ಖಾಲಿ ಮಾಡಿ ಒಳಗೋಡೆಯನ್ನು ಬ್ರಷ್‌ನಿಂದ ತಿಕ್ಕಿ. ಈಡಿಸ್ ಮೊಟ್ಟೆಗಳು ನೀರಿನ ಅಂಚಿನ ಮೇಲೆ ಅಂಟಿರುತ್ತವೆ, ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತವೆ, ನೀರು ಸೋಕಿದರೆ ಒಡೆಯುತ್ತವೆ. ಎರಡು ವರ್ಷದ ಹಿಂದಿನ ರಿಪೋರ್ಟ್ ಇದ್ದರೆ ಹುಡುಕಿ ಫೋಟೊ ತೆಗೆದು ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ಅದರಲ್ಲಿ ಎನ್‌ಎಸ್‌1 ಪಾಸಿಟಿವ್ ಅಂತ ಇದೆಯಾ, ಬರೀ ಐಜಿಜಿಯಾ ನೋಡಿ ಇಲ್ಲೇ ಬರೆಯಿರಿ. ಆಗ ನಿಮಗೆ ನಿಜವಾಗಿ ಡೆಂಗಿ ಬಂದಿತ್ತಾ ಅನ್ನುವುದನ್ನು ಇನ್ನೂ ಖಚಿತವಾಗಿ ಹೇಳಬಹುದು.