ಬಿದ್ರಿ ಕೋಣೆಯ ಆ ಶಾಟ್ ಏನಾಯಿತು?

ನಮಸ್ಕಾರ,

ದೊಡ್ಡ ಸೆನ್ಸರಿನ ಸಿನಿಮಾ ಕ್ಯಾಮೆರಾಗಳ ಬಗ್ಗೆ ನೀವು ಬೀದರಿನಿಂದ ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಇದ್ದ ಹಾಗೇ ಹಾಕಲು ಆಗುವುದಿಲ್ಲ. ಯಾಕೆ ಅಂತ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ.

ಮೊದಲ ಎರಡು ಪುಟ ಕಂಪನಿಯ ಕರಪತ್ರದ ಹಾಗಿವೆ. 'ಅದ್ಭುತ' ಒಂಬತ್ತು ಸಲ ಬಂದಿದೆ, ಎಣಿಸಿದೆ. ಅಂಕಿಗಳೇನೋ ಸರಿ. ಅರಿ ಕಂಪನಿಯ ದೊಡ್ಡ ಸೆನ್ಸರಿನ ಕ್ಯಾಮೆರಾ ಅಲೆಕ್ಸಾ ಎಲ್‌ಎಫ್, ಅದರ ಸೆನ್ಸರ್ (ಚಿತ್ರ ಹಿಡಿಯುವ ಚಿಪ್) 36.70 × 25.54 ಮಿ.ಮೀ., ಹೌದು. ಆದರೆ ಸಿನಿಮಾದವರ ಹಳೆಯ ರೂಢಿಯ ಅಳತೆಯಾದ ಸೂಪರ್ 35ರ ಅಗಲ ಸುಮಾರು 25 ಮಿ.ಮೀ. ಅಂತ ಪಕ್ಕದಲ್ಲಿ ಹೇಳಿಲ್ಲ. ಇವತ್ತಿನ ತೊಗರಿ ದರ ಹೇಳಿ ಹೋದ ವಾರದ್ದು ಹೇಳದಿದ್ದರೆ, ಏರಿತೋ ಇಳಿಯಿತೋ ಕಲಬುರಗಿಯ ಓದುಗರಿಗೆ ಹೇಗೆ ಗೊತ್ತಾಗಬೇಕು?

'ಸೆನ್ಸರ್ ದೊಡ್ಡದಾದರೆ ಹಿನ್ನೆಲೆ ತಾನೇ ಮಸುಕಾಗುತ್ತದೆ' ಅನ್ನುವ ಸಾಲು ತಪ್ಪು. ಸೂಪರ್ 35ರಲ್ಲಿ 35 ಮಿ.ಮೀ. ಲೆನ್ಸಿನಿಂದ ಹಿಡಿದ ಫ್ರೇಮನ್ನು ಅದೇ ಜಾಗದಿಂದ ಎಲ್‌ಎಫ್‌ನಲ್ಲಿ ಹಿಡಿಯಲು ಸುಮಾರು 50 ಮಿ.ಮೀ. ಲೆನ್ಸ್ ಬೇಕು. ಸ್ಟಾಪ್ (ಲೆನ್ಸಿನ ಕಿಂಡಿ ಎಷ್ಟು ತೆರೆದಿದೆ ಅನ್ನುವ ಅಳತೆ) ಅಷ್ಟೇ ಇಟ್ಟು ಹೀಗೆ ಲೆನ್ಸ್ ಬದಲಿಸಿದಾಗ ಫೋಕಸ್ ನಿಲ್ಲುವ ಆಳ ಕಮ್ಮಿಯಾಗುತ್ತದೆ. ಮುಖದ ಆಕಾರ ಮಾತ್ರ ಹಾಗೇ ಉಳಿಯುತ್ತದೆ, ಕ್ಯಾಮೆರಾ ನಿಂತ ಜಾಗ ಬದಲಾಗಿಲ್ಲವಲ್ಲ. ಹಾಗಾಗಿ 'ದೊಡ್ಡ ಸೆನ್ಸರ್ ಮೂಗನ್ನೂ ತಿದ್ದುತ್ತದೆ' ಅನ್ನುವುದನ್ನು ತೆಗೆದುಬಿಡಿ.

ಇದನ್ನೆಲ್ಲ ನೀವು ಕಣ್ಣಾರೆ ಕಂಡವರು, ನನ್ನ ತಕರಾರು ಅದೇ. ಐದನೇ ಪುಟದ ಕೆಳಗೆ ಮೂರೇ ಸಾಲು: ಬಿದ್ರಿ ಕೆಲಸದ ಇಕ್ಕಟ್ಟಾದ ಕೋಣೆ, ಫೋಕಸ್ ನಿಮ್ಮ ಕೈಯಲ್ಲಿ, ಹೂಜಿಯ ಮೇಲೆ ಬೆಳ್ಳಿ ತಂತಿ ಕೂರಿಸುವ ಕ್ಲೋಸಪ್, ಆರು ಟೇಕ್ ಹಾಳು. ಉಳಿಯ ತುದಿ ಸ್ಪಷ್ಟವಾದರೆ ಬೆರಳು ಮಸುಕು. ಅಷ್ಟು ಹೇಳಿ ಮತ್ತೆ ಪಿಕ್ಸೆಲ್ ಲೆಕ್ಕಕ್ಕೆ ಓಡಿಬಿಟ್ಟಿರಿ!

ಆಮೇಲೆ ಏನು ಮಾಡಿದಿರಿ? ಸ್ಟಾಪನ್ನು 2.8ರಿಂದ 4ಕ್ಕೆ ಮುಚ್ಚಿದರೆ ಆಳ ಹೆಚ್ಚುಕಮ್ಮಿ ಸೂಪರ್ 35ರಷ್ಟಾಗುತ್ತದೆ, ಆದರೆ ಎರಡು ಪಟ್ಟು ಬೆಳಕು ಬೇಕು. ಮೇ ತಿಂಗಳು, ತಲೆ ಮೇಲೆ ತಗಡು, ಅದರ ಜೊತೆಗೆ ಇನ್ನೊಂದು ಲೈಟಾ? ಆ ಕೆಲಸಗಾರರು ಏನಂದರು? ಅಥವಾ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಏರಿಸಿದಿರಾ? ಸೋನಿ ವೆನಿಸ್ ಆಗಿದ್ದರೆ 500ರ ಜೊತೆಗೆ ಕಮ್ಮಿ ಬೆಳಕಿಗೆ ಆಗುವ 2500ರ ಎರಡನೇ ಬೇಸ್ (ಮೂಲ ಐಎಸ್‌ಒ) ಇದೆ. ಯಾವ ಕ್ಯಾಮೆರಾ ಅಂತಲೇ ನೀವು ಬರೆದಿಲ್ಲ. ಕೋಟೆ ಮಣ್ಣು, ನವಸಾಗರ ಹಾಕಿದ ನೀರಿಂದ ತೆಗೆದ ಮೇಲೆ ಲೋಹ ಕಪ್ಪಾಗಿ ಬೆಳ್ಳಿ ಮಾತ್ರ ಹೊಳೆಯುತ್ತದಲ್ಲ, ಆ ಕಪ್ಪು ಉಳಿಸಿಕೊಂಡು ಬೆಳ್ಳಿ ಬರೀ ಬಿಳಿಯಾಗಿಬಿಡದ ಹಾಗೆ ಕ್ಯಾಮೆರಾಮನ್ ಎಕ್ಸ್‌ಪೋಶರ್ ಹೇಗೆ ಹಿಡಿದರು? ಒಂದಿಡೀ ಪುಟ ಇದಕ್ಕೇ ಕೊಡಿ.

ಸಣ್ಣಪುಟ್ಟವು. 2014ರಲ್ಲಿ ಬಂದ ಅಲೆಕ್ಸಾ 65 ಬಾಡಿಗೆಗೆ ಮಾತ್ರ ಸಿಗುವಂಥದ್ದು. 'ಕೊಂಡುಕೊಂಡ ನಿರ್ಮಾಪಕರು' ಎಲ್ಲಿಂದ ಬಂದರು? ದೊಡ್ಡ ಫ್ರೇಮ್ ಡಿಜಿಟಲ್ ಕಾಲದ್ದೂ ಅಲ್ಲ, ಫಿಲ್ಮಿನ ಮೇಲೇ ದೊಡ್ಡ ಫ್ರೇಮ್ ಹಿಡಿಯುತ್ತಿದ್ದ ವಿಸ್ಟಾವಿಷನ್ 1954ರದ್ದು. ಡೇಟಾ ಪ್ಯಾರಾ ಚೆನ್ನಾಗಿದೆ, ಮುಟ್ಟಬೇಡಿ. ಎಲ್‌ಎಫ್‌ನಲ್ಲಿ ಪೂರ್ತಿ ಸೆನ್ಸರ್ ಬಳಸಿ ಸೆಕೆಂಡಿಗೆ 24 ಫ್ರೇಮ್ ರಾ (ಸೆನ್ಸರಿನ ಕಚ್ಚಾ ಡೇಟಾ) ಹಿಡಿದರೆ ಗಂಟೆಗೆ ಸುಮಾರು 1.8 ಟಿಬಿ ಅನ್ನುವ ನಿಮ್ಮ ಲೆಕ್ಕ ಮಾಡಿ ನೋಡಿದೆ, ಸರಿಯಾಗಿದೆ.

ಒಂಬೈನೂರು ಪದ ಸಾಕು. ಆ ಕೋಣೆಯ ಫೋಟೊ ಇದ್ದರೆ ಜೊತೆಗೆ ಕಳಿಸಿ, ಕೆಲಸಗಾರರನ್ನು ಒಂದು ಮಾತು ಕೇಳಿದ ಮೇಲೆ.