ಫಿಲ್ಟರ್‌ಗೆ ಸಿಗದ ವಿರೂಪ: ಲೇಖಕರೊಬ್ಬರಿಗೆ ಉತ್ತರ

ಮಾನ್ಯರೇ,

ವೈರ್‌ಲೆಸ್ ಸಾಧನಗಳ ರೇಡಿಯೊ ಆಂಪ್ಲಿಫೈಯರ್‌ಗಳಲ್ಲಿ ಸಿಗ್ನಲ್ ವಿರೂಪಗೊಳ್ಳುವುದನ್ನು ತಗ್ಗಿಸುವ ಬಗೆಗಳನ್ನು ಕುರಿತು ನೀವು ಕಳಿಸಿದ ಲೇಖನವನ್ನು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಬರುವುದಿಲ್ಲ. ವಿಷಯದ ಮೇಲೆ ನಿಮಗೆ ಹಿಡಿತವಿರುವುದು ಕೊನೆಯ ಭಾಗದಲ್ಲಿ ಕಾಣುವುದರಿಂದ, ತಿರಸ್ಕರಿಸಿ ಸುಮ್ಮನಾಗುವ ಬದಲು ಕೊರತೆಗಳನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ.

ಮೊದಲ ಪುಟವನ್ನು ಪೂರ್ತಿಯಾಗಿ ಕೈಬಿಡಿ. ಮೊಬೈಲು ಬದುಕನ್ನು ಬದಲಿಸಿದೆ ಎಂದು ತಿಳಿಯಲು ಯಾರೂ ಇಂಥ ಲೇಖನಕ್ಕೆ ಕೈಹಾಕುವುದಿಲ್ಲ.

ನನ್ನ ಮುಖ್ಯ ತಕರಾರು ಎರಡನೆಯ ಪುಟದ್ದು. ಆಂಪ್ಲಿಫೈಯರ್ ಹುಟ್ಟಿಸುವ ಬೇಡದ ಆವರ್ತನಗಳನ್ನು ಔಟ್‌ಪುಟ್‌ನಲ್ಲಿ ಒಳ್ಳೆಯ ಫಿಲ್ಟರ್ ಇಟ್ಟು ತೆಗೆದುಬಿಡಬಹುದು ಎಂದಿದ್ದೀರಿ. ಹಾರ್ಮೋನಿಕ್‌ಗಳ (ಮೂಲ ಆವರ್ತನದ ಎರಡರಷ್ಟು, ಮೂರರಷ್ಟು ಆವರ್ತನಗಳ) ಮಟ್ಟಿಗೆ ಇದು ಸರಿ: 2110 ಮತ್ತು 2115 ಮೆಗಾಹರ್ಟ್ಸ್‌ನ ಎರಡು ಸಿಗ್ನಲ್‌ಗಳು ಒಟ್ಟಿಗೆ ಒಳಹೊಕ್ಕರೆ ಅವುಗಳ ಎರಡನೆಯ ಹಾರ್ಮೋನಿಕ್‌ಗಳು 4220 ಮತ್ತು 4230ರಲ್ಲಿ, ಬಹುದೂರ ಬೀಳುತ್ತವೆ. ಆದರೆ ಒಂದರ ಎರಡರಷ್ಟರಿಂದ ಇನ್ನೊಂದನ್ನು ಕಳೆದಾಗ ಸಿಗುವ 2105 ಮತ್ತು 2120 ಮೆಗಾಹರ್ಟ್ಸ್‌ನ ಮೂರನೆಯ ಕ್ರಮದ ಇಂಟರ್‌ಮಾಡ್ಯುಲೇಷನ್ (ಎರಡು ಸಿಗ್ನಲ್‌ಗಳು ಆಂಪ್ಲಿಫೈಯರ್‌ನೊಳಗೆ ಬೆರೆತು ಹುಟ್ಟುವ ವಿರೂಪ) ಮೂಲ ಸಿಗ್ನಲ್‌ಗಳ ಮಗ್ಗುಲಲ್ಲೇ ಎದ್ದು, ಪಕ್ಕದ ಚಾನೆಲ್‌ನವರಿಗೆ ತೊಂದರೆ ಕೊಡುತ್ತದೆ. ನಿಜವಾದ ಅಗಲ ಸಿಗ್ನಲ್‌ನಲ್ಲಂತೂ ಈ ವಿರೂಪದ ಒಂದು ಪಾಲು ಸ್ವಂತ ಚಾನೆಲ್‌ನೊಳಗೇ ಬೀಳುವುದರಿಂದ ಅದನ್ನು ಯಾವ ಫಿಲ್ಟರೂ ಬೇರ್ಪಡಿಸಲಾರದು. ಈ ಲೆಕ್ಕ ನಿಮ್ಮ ಲೇಖನದಲ್ಲಿ ಎಲ್ಲಿಯೂ ಇಲ್ಲ. ಇದಿಲ್ಲದೆ ಉಳಿದ ವಿಧಾನಗಳೆಲ್ಲ ಏಕೆ ಬೇಕಾದವು ಎಂಬುದು ಓದುಗರಿಗೆ ಹೊಳೆಯುವುದೇ ಇಲ್ಲ.

ಇನ್‌ಪುಟ್ 1 ಡೆಸಿಬೆಲ್ (ಶಕ್ತಿಯ ಅನುಪಾತದ ಅಳತೆ; 10 ಡೆಸಿಬೆಲ್ ಎಂದರೆ ಹತ್ತು ಪಟ್ಟು) ಇಳಿದರೆ ಈ ಮೂರನೆಯ ಕ್ರಮದ ವಿರೂಪ ಸುಮಾರು 3 ಡೆಸಿಬೆಲ್ ಇಳಿಯುತ್ತದೆ. ಹಾಗಾದರೆ ಆಂಪ್ಲಿಫೈಯರನ್ನು ಕಡಿಮೆ ಶಕ್ತಿಯಲ್ಲೇ ನಡೆಸಿದರಾಯಿತು ಎಂಬ ನಿಮ್ಮ ಸಲಹೆ ತಪ್ಪಲ್ಲ, ಆದರೆ ಅದು ಬಿಟ್ಟಿ ಸಿಗುತ್ತದೆ ಎಂಬಂತೆ ಬರೆದಿದ್ದೀರಿ. ಗರಿಷ್ಠ ಶಕ್ತಿಯಲ್ಲಿ 78.5 ಶೇಕಡಾ ದಕ್ಷತೆಯಿರುವ ಆದರ್ಶ ಕ್ಲಾಸ್-ಬಿ ಆಂಪ್ಲಿಫೈಯರ್ (ಟ್ರಾನ್ಸಿಸ್ಟರ್ ಸಿಗ್ನಲ್‌ನ ಅರ್ಧ ಆವರ್ತದಲ್ಲಿ ಮಾತ್ರ ವಿದ್ಯುತ್ ಹರಿಸುವ ಬಗೆ) 10 ಡೆಸಿಬೆಲ್ ಕೆಳಗೆ ಸುಮಾರು 25 ಶೇಕಡಾಕ್ಕೆ ಕುಸಿಯುತ್ತದೆ, ಉಳಿದದ್ದೆಲ್ಲ ಶಾಖ. ಒಎಫ್‌ಡಿಎಂ (ಮಾಹಿತಿಯನ್ನು ಹಲವು ಸಣ್ಣ ವಾಹಕ ಆವರ್ತನಗಳಿಗೆ ಹಂಚಿ ಕಳಿಸುವ ವಿಧಾನ) ಸಿಗ್ನಲ್‌ನ ಶಿಖರಗಳು ಸರಾಸರಿಗಿಂತ 10 ಡೆಸಿಬೆಲ್‌ನಷ್ಟು ಮೇಲೇರುವುದರಿಂದ, ಅವಕ್ಕೆ ಜಾಗ ಬಿಟ್ಟು ಆಂಪ್ಲಿಫೈಯರನ್ನು ಕೆಳಗೆ ನಡೆಸಬೇಕಾಗಿ, ಈ ಕುಸಿತ ಅಪರೂಪದ ಸಂಗತಿಯಲ್ಲ, ದಿನನಿತ್ಯದ ಸ್ಥಿತಿ. ವಿನ್ಯಾಸಕಾರರ ತಲೆನೋವು ಇರುವುದೇ ಇಲ್ಲಿ.

ಡಿಜಿಟಲ್ ಪ್ರಿಡಿಸ್ಟಾರ್ಷನ್ ಭಾಗದಲ್ಲಿ ಮೆಮೊರಿ ಪಾಲಿನಾಮಿಯಲ್‌ನ (ಹಿಂದಿನ ಕ್ಷಣಗಳ ಸಿಗ್ನಲನ್ನೂ ಲೆಕ್ಕಕ್ಕೆ ತರುವ ಗಣಿತ ಮಾದರಿಯ) ಸಮೀಕರಣಗಳನ್ನು ಸಾಲಾಗಿ ಇಳಿಸಿದ್ದೀರಿ, ಒಂದನ್ನೂ ಬಿಡಿಸಿ ಹೇಳಿಲ್ಲ. ಶಿಖರದ ಬಳಿ ಗೇನ್ (ಸಿಗ್ನಲನ್ನು ಹಿಗ್ಗಿಸುವ ಪ್ರಮಾಣ) ಕುಗ್ಗುವುದರಿಂದ ಅಲ್ಲಿ ಸಿಗ್ನಲನ್ನು ಮೊದಲೇ ಉಬ್ಬಿಸಿ ಕಳಿಸುವುದು ಇದರ ತಿರುಳು ಎಂದು ಮೊದಲು ಹೇಳಿ. ಆಂಪ್ಲಿಫೈಯರ್ ಪೂರ್ತಿ ಸ್ಯಾಚುರೇಟ್ ಆದಮೇಲೆ, ಅಂದರೆ ತನ್ನ ಗರಿಷ್ಠ ಔಟ್‌ಪುಟ್ ಮುಟ್ಟಿದ ಮೇಲೆ, ಎಷ್ಟು ಉಬ್ಬಿಸಿದರೂ ಪ್ರಯೋಜನವಿಲ್ಲ ಎಂಬುದನ್ನೂ ಹೇಳಿ. ಟ್ರಾನ್ಸಿಸ್ಟರ್‌ನ ಬಿಸಿ ಮತ್ತು ಬಯಾಸ್ ಸರ್ಕ್ಯೂಟಿನ (ಅದಕ್ಕೆ ಸ್ಥಿರ ವಿದ್ಯುತ್ ಒದಗಿಸುವ ಭಾಗದ) ಗುಣದಿಂದಾಗಿ ಈ ಕ್ಷಣದ ಔಟ್‌ಪುಟ್ ಹಿಂದಿನ ಕ್ಷಣಗಳನ್ನೂ ಅವಲಂಬಿಸುತ್ತದೆ ಎಂದರೆ ಆ ಸಮೀಕರಣಗಳ ಅಗತ್ಯ ತಾನಾಗಿ ತಿಳಿಯುತ್ತದೆ. ಬೇಸ್ ಸ್ಟೇಷನ್ ಮತ್ತು ಹ್ಯಾಂಡ್‌ಸೆಟ್ಟನ್ನು ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಎಲ್‌ಟಿಇ (4ಜಿ) ಮಾನದಂಡ ಪಕ್ಕದ ಚಾನೆಲ್‌ಗೆ ಸೋರುವ ಶಕ್ತಿಯ ವಿಷಯದಲ್ಲಿ ಸಾಮಾನ್ಯವಾಗಿ ಬೇಸ್ ಸ್ಟೇಷನ್‌ಗೆ 45, ಹ್ಯಾಂಡ್‌ಸೆಟ್ಟಿಗೆ 30 ಡೆಸಿಬೆಲ್ ಅಂತರವನ್ನು ಕೇಳುತ್ತದೆ. ಸುಮಾರು 200 ಮಿಲಿವಾಟ್ ಹೊರಸೂಸುವ ಹ್ಯಾಂಡ್‌ಸೆಟ್ಟಿನಲ್ಲಿ ತಿದ್ದುವ ಸರ್ಕ್ಯೂಟೇ ಉಳಿಸಿದ ಶಕ್ತಿಯನ್ನು ನುಂಗಿಬಿಡಬಹುದು.

ವಿರೂಪವನ್ನಷ್ಟೇ ಬೇರ್ಪಡಿಸಿ ಔಟ್‌ಪುಟ್‌ನಿಂದ ಕಳೆಯುವ ಫೀಡ್‌ಫಾರ್ವರ್ಡ್ ವಿಧಾನ ನೀವು ಬರೆದಂತೆ ‘ಇತ್ತೀಚಿನ ಆವಿಷ್ಕಾರ’ವಲ್ಲ. ಬೆಲ್ ಲ್ಯಾಬ್ಸ್‌ನ ಹೆರಾಲ್ಡ್ ಬ್ಲ್ಯಾಕ್‌ ಅವರಿಗೆ ಅದರ ಪೇಟೆಂಟ್ ದೊರೆತದ್ದು 1928ರಲ್ಲಿ.

ಇಡೀ ಲೇಖನದಲ್ಲಿ ನನಗೆ ಮೆಚ್ಚುಗೆಯಾದದ್ದು ಕೊನೆಯಲ್ಲಿ ಎರಡೇ ಸಾಲಿನಲ್ಲಿ ಮುಗಿಸಿರುವ ಅಳತೆಯ ಎಚ್ಚರಿಕೆ. ಸ್ಪೆಕ್ಟ್ರಮ್ ಅನಲೈಸರ್‌ನ (ಯಾವ ಆವರ್ತನದಲ್ಲಿ ಎಷ್ಟು ಶಕ್ತಿಯಿದೆ ಎಂದು ತೋರಿಸುವ ಉಪಕರಣದ) ಮುಂದೆ 10 ಡೆಸಿಬೆಲ್‌ನ ಅಟೆನ್ಯುಯೇಟರ್ (ಸಿಗ್ನಲ್ ತಗ್ಗಿಸುವ ಸಾಧನ) ಸೇರಿಸಿದಾಗ ಸಿಗ್ನಲ್ ಮತ್ತು ವಿರೂಪಗಳೆರಡೂ ಸಮನಾಗಿ ತಗ್ಗಿದರೆ ವಿರೂಪ ಆಂಪ್ಲಿಫೈಯರ್‌ನದು, ಅವುಗಳ ನಡುವಣ ಅಂತರ ಹಿಗ್ಗಿದರೆ ಅನಲೈಸರ್ ತಾನೇ ಹುಟ್ಟಿಸಿದ್ದು ಎಂದಿದ್ದೀರಿ. ಕೆಲಸ ಮಾಡಿದವರು ಮಾತ್ರ ಬರೆಯಬಲ್ಲ ಮಾತಿದು. ಇದನ್ನು ಮೇಲಿನ ಎರಡು ಸಿಗ್ನಲ್‌ಗಳ ಲೆಕ್ಕದ ಬೆನ್ನಿಗೇ ತಂದು, ವಿಸ್ತರಿಸಿ ಬರೆಯಿರಿ; ಅಳತೆಯ ಚಿತ್ರಗಳಿದ್ದರೆ ಜೊತೆಗೆ ಕಳಿಸಿ. ಅವುಗಳಿಗೆ ಬೇಕಾದ ಜಾಗವನ್ನು ಆ ಸಮೀಕರಣಗಳಿಂದಲೇ ತೆಗೆಯಬೇಕಾಗುತ್ತದೆ.

ಇಂತಿ,
ಸಂಪಾದಕ